ಎರಡು ಗುಡ್ಡೆ ಅರಿಶಿನ

“ಇವತ್ತು ಓಪನ್ ಮಾಡದಿದ್ರೆ ಇಷ್ಟು ದಿನದ್ದೆಲ್ಲ ಹೋಗುತ್ತೆ” ಅಂತಲೋ ಏನೋ ಹೇಳಿದಳು ಮಗಳು. ಫೋನಿನಲ್ಲಿ ಗುಂಪು ಕಟ್ಟಿ ಆಡುವ ಆಟ. ಜೊತೆಗಿದ್ದ ಗೆಳತಿಯರು ಬಿಟ್ಟು ತಿಂಗಳಾಗಿದೆ. ಇವಳಿಗೂ ಬೇಜಾರೇ. ಆದರೂ ದಿನಾ ತೆರೆದರೆ ಒಂದು ಬಹುಮಾನದ ಪೆಟ್ಟಿಗೆ ಸಿಗುತ್ತದಂತೆ.

ಚಿಕ್ಕಂದಿನಲ್ಲಿ, ನಮ್ಮೂರು ಉಡಿಗಾಲದಲ್ಲಿ ಅರಿಶಿನ ಕಿತ್ತಾಗ ಗಡ್ಡೆಯಿಂದ ಕೊಂಬು ಮುರಿಯುವ ಕೆಲಸ ನನ್ನದು ಮತ್ತು ಅಕ್ಕನದು. ನಮಗದು ಆಟ. ಹಸಿ ಕೊಂಬು ಲಟಕ್ಕನೆ ಮುರಿಯುವ ಸದ್ದಿಗೆ ಅವಳು ಕತೆ ಕಟ್ಟುತ್ತಿದ್ದಳು. ಇಬ್ಬರದೂ ಒಂದೇ ಗುಡ್ಡೆ. ಕೆಲಸ ಬೇಗ ಸಾಗಲೆಂದು ತಾತ ಒಂದು ದಿನ, “ಯಾರ ಗುಡ್ಡೆ ದೊಡ್ದೋ ಅವ್ರಿಗೆ ಕಡ್ಲೆಮಿಠಾಯಿ ಕಣ್ರಪ್ಪ” ಅಂದರು. ಗುಡ್ಡೆ ಎರಡಾಯಿತು. ಕತೆ ನಿಂತಿತು.

ಮೂರನೆಯ ದಿನ ಅವಳು ನೀರು ಕುಡಿಯಲು ಎದ್ದಾಗ, ಅವಳ ಗುಡ್ಡೆಯಿಂದ ಎರಡು ಬೊಗಸೆ ನನ್ನದಕ್ಕೆ ಸುರಿದುಕೊಂಡೆ. ಬಾಗಿಲಲ್ಲಿ ನಿಂತು ನೋಡಿದಳು. ಬಂದು, ಉಳಿದದ್ದನ್ನೂ ಎರಡು ಕೈಯಿಂದ ನನ್ನತ್ತ ತಳ್ಳಿದಳು.

“ತಕ್ಕೊ ಕಣ್ಲಾ, ಎಲ್ಲಾನೂವೆ ನೀನೇ ಇಟ್ಕೊ. ನಾ ಇನ್ ಕೂರಾಕಿಲ್ಲ ಬುಡು.”

ಮಾರನೆಯ ದಿನದಿಂದ ಒಬ್ಬನೇ ಕೂತು ಮುರಿದೆ. ಎದುರಿಗೆ ಯಾರೂ ಇಲ್ಲದ್ದರಿಂದ ಗೆಲುವು ನನ್ನದೇ. ತಾತ ದಿನಾ ಕೊಟ್ಟರು, ನಾನು ದಿನಾ ತಿಂದೆ. ಅಕ್ಕ ಒಳಗೆ ಅಕ್ಕಿ ಆರಿಸುತ್ತಿದ್ದಳು. ಕರೆದರೆ ಕೇಳಿಸುವಷ್ಟು ದೂರ. ನಾನು ಕರೆಯಲಿಲ್ಲ.

ಮಗಳು ಪೆಟ್ಟಿಗೆ ತೆರೆದು, ಏನು ಬಂತೆಂದೂ ನೋಡದೆ ಫೋನ್ ಪಕ್ಕಕ್ಕಿಟ್ಟಳು. ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಯಿತು.

ಅಕ್ಕಾ, ಅವತ್ತು ನಾನು ಬಾ ಅಂದಿದ್ದರೆ ಬರುತ್ತಿದ್ದೆಯಾ?