ಒಣತಾಕಿನಕ್ಕ

ಗೋಧಿ ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಒಣತಾಕಿನಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತನಾಲ್ಕು ತಳಿಗಳನ್ನು ಬೇಕೆಂದೇ ತಡವಾಗಿ ಬಿತ್ತಿ, ತೆನೆ ಬಂದ ಮೇಲೆ ನೀರು ನಿಲ್ಲಿಸಿ, ಸುಡುಬಿಸಿಲಿನಲ್ಲಿ ಯಾವುದು ಕಾಳು ಕಟ್ಟುತ್ತದೆಂದು ನೋಡುವ ತಾಕು ಅವಳದು. ದಿನಕ್ಕೆ ಮೂರು ಸಲ ಎಲೆಯ ಬಿಸಿ ಅಳೆಯುತ್ತಾಳೆ, ಮೋಡ ಕಂಡರೆ ಹುಬ್ಬು ಗಂಟಿಕ್ಕುತ್ತಾಳೆ, ಬದುವಿನ ಮೇಲೆ ಯಾರಾದರೂ ಕೈ ತೊಳೆದರೂ ಸಿಡುಕುತ್ತಾಳೆ. "ಅಯ್ಯೋ ಪಾಪ, ಒಣಗ್ತಿವೆ" ಎಂದವರಿಗೆ, "ನಿಮ್ಮ ಪಾಪ ನಿಮ್ಮ ಹತ್ರಾನೇ ಇರ್ಲಿ, ಮೊದ್ಲು ಪೈಪ್ ಕೆಳಗಿಡಿ" ಎನ್ನುತ್ತಾಳೆ. ಹಿಂದಿನ ಎರಡು ವರ್ಷವೂ ತುಂಬುಗಾಳು ಕೊಟ್ಟಿದ್ದ ಹದಿನೇಳನೆಯ ತಳಿ ಈ ಸಲವೂ ಗೆದ್ದಿದ್ದರೆ ರೈತರ ಕೈ ಸೇರುತ್ತಿತ್ತು. ಆದರೆ ಮೊನ್ನೆ ಅತಿಥಿಗಳು ಬರುತ್ತಾರೆ, ಫೋಟೋದಲ್ಲಿ ಹಸಿರು ಕಾಣಲಿ ಎಂದು ನಿರ್ದೇಶಕರು ಬೆಳಗ್ಗೆಯೇ ಅವಳ ಇಡೀ ತಾಕಿಗೆ ನೀರು ಹಾಯಿಸಿಬಿಟ್ಟರು. "ಸ್ವಲ್ಪ ನೀರು ತಾನೇಮ್ಮಾ" ಎಂದರು. "ಪರೀಕ್ಷೆ ಬರೀತಿರೋರಿಗೆಲ್ಲ ಉತ್ತರ ಹೇಳ್ಕೊಟ್ಟು, ಸ್ವಲ್ಪ ತಾನೇ ಅಂದ್ರೆ ಹೇಗೆ ಸಾರ್?" ಎಂದು ಅತಿಥಿಗಳ ಮುಂದೆಯೇ ಕೇಳಿ, ಅವಳು ದಾಖಲೆ ಪುಸ್ತಕದಲ್ಲಿ ಇಪ್ಪತ್ತನಾಲ್ಕು ಸಾಲನ್ನೂ ಹೊಡೆದುಹಾಕಿ, ಕೆಳಗೆ "ನೀರು ಬಿಡಿಸಿದವರು ನಿರ್ದೇಶಕರು" ಎಂದು ಬರೆದಳು. ಅವಳದು ಕಲ್ಲೆದೆ ಎನ್ನುವವರಿದ್ದಾರೆ. ಅವಳ ನೀರಿನ ಬಾಟಲಿ ಯಾವಾಗಲೂ ಶೆಡ್ಡಿನ ಹಿಂದೆ ಏಕಿರುತ್ತದೆ ಎಂದು ಕೇಳಿದವನು ಕಾವಲುಗಾರ ಒಬ್ಬನೇ. "ಬಾಯಾರಿದವ್ರ ಎದುರಿಗೆ ಕುಡಿಯೋಕಾಗುತ್ತೇನಣ್ಣಾ?" ಎಂದಿದ್ದಳು. ನೀರು ಹಾಯಿಸಿದ ಆ ದಿನ ಮಾತ್ರ ಬಾಟಲಿ ತಂದು, ಒದ್ದೆ ತಾಕಿನ ಬದುವಿನ ಮೇಲೆ ಕೂತು, ಸಿಟ್ಟಿನಿಂದಲೇ ಪೂರ್ತಿ ಕುಡಿದಳು.