ಫೋನು ಕೊಳ್ಳಲು ಬರುತ್ತಿದ್ದ ಚನ್ನವೀರಪ್ಪ

ಚನ್ನವೀರಪ್ಪನವರು ಯಾವ ಹೊಸ ಫೋನು ಕೊಟ್ಟರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಆಮೇಲೆ ಮೂಸುತ್ತಿದ್ದರು. ಅದೂ ಆದ ಮೇಲೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಲು ನೋಡುತ್ತಿದ್ದರು. ಅಷ್ಟರಲ್ಲಿ ನಾನು ಕೌಂಟರಿನ ಈಚೆಯಿಂದ ಕೈ ಚಾಚಿ ಕಸಿದುಕೊಳ್ಳುತ್ತಿದ್ದೆ. ತಪ್ಪು ಅವರದಲ್ಲ. ಜೀವಮಾನವಿಡೀ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಗುಣ ನೋಡಿದ ಕೈ ಅದು. ಅಲ್ಲಾಡಿಸಿದಾಗ ಒಳಗಿನ ಬೀಜ ಸದ್ದು ಮಾಡಿದರೆ ಕಾಯಿ ಒಣಗಿದೆ, ಇಲ್ಲದಿದ್ದರೆ ಹಸಿ. ನನ್ನ ಅಂಗಡಿಯ ಯಾವ ಫೋನೂ ಸದ್ದು ಮಾಡಲಿಲ್ಲವಾದ್ದರಿಂದ ಮೊದಲ ದಿನವೇ ಅವರು ಎಲ್ಲವನ್ನೂ ಅನುಮಾನದಿಂದ ನೋಡತೊಡಗಿದರು.

ರಾಣೇಬೆನ್ನೂರು ಬಸ್ ನಿಲ್ದಾಣದ ಎದುರಿಗೆ ನನ್ನ ಮೊಬೈಲ್ ಅಂಗಡಿ. ಪ್ರತಿ ಬುಧವಾರ ಬ್ಯಾಡಗಿ ಬಸ್ಸಿನಿಂದ ಇಳಿದು, ಮೇಡ್ಲೇರಿ ಬಸ್ಸು ಬರುವವರೆಗಿನ ಹೊತ್ತನ್ನು ಅವರು ನನ್ನ ತಲೆ ತಿನ್ನಲೆಂದೇ ಮೀಸಲಿಟ್ಟಿದ್ದರು. ಮೇಡ್ಲೇರಿಯಲ್ಲಿ ಅವರ ಅಕ್ಕ ಗಂಗವ್ವ ಇದ್ದರು. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. "ನಾ ಹಲೋ ಅಂದ್ರ ಅಕಿ ಹಲೋ ಅನ್ನಂಗಿಲ್ಲ ತಮ್ಮಾ. ಮಾರಿ ನೋಡಿದ್ರನ ಅಕೀದು ಏನಂತ ತಿಳೀತೈತಿ," ಎಂದು ಮೊದಲ ದಿನವೇ ಹೇಳಿದ್ದರು. ಆದ್ದರಿಂದ ಅಕ್ಕನ ಮಂಚದ ಪಕ್ಕ ಇಡಲು ವಿಡಿಯೊ ಕಾಲ್ ಬರುವ ಒಂದು ಫೋನು ಬೇಕು. ಈ ಕಡೆಯಿಂದ ಮಾಡಲು ಮಗನ ಫೋನು ಇದೆ. ಅವರ ಮೊಣಕಾಲು ಸವೆದು ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ಇಷ್ಟೇ ವಿಷಯ. ಬೇರೆಯವರಿಗಾದರೆ ಅರ್ಧ ಗಂಟೆಯ ಕೆಲಸ. ಇವರಿಗೆ ಎಂಟು ತಿಂಗಳು ಹಿಡಿಯಿತು.

ನಾನೂ ಸುಮ್ಮನಿರುವವನಲ್ಲ. ಕಂಪನಿಯವರು ಹೇಳಿಕೊಟ್ಟ ಪಾಠವೆಲ್ಲ ಬಾಯಿಪಾಠವಿತ್ತು. ಇದರಲ್ಲಿ ಚಂದ್ರನ ಫೋಟೊ ತೆಗೆಯಬಹುದು ಎಂದೆ.

"ಚಂದ್ರನ ಮ್ಯಾಗ ನಮ್ಮ ಬೀಗರು ಯಾರೂ ಇಲ್ಲಪ."

ನೀರಿನಲ್ಲಿ ಬಿದ್ದರೂ ಏನೂ ಆಗುವುದಿಲ್ಲ ಎಂದೆ.

"ತುಂಗಭದ್ರಾದಾಗ ಈಸಾಕ ಹೋಗಾವ ಫೋನ್ ಯಾಕ ಒಯ್ತಾನ?"

ಗಂಟೆಗಟ್ಟಲೆ ಆಟ ಆಡಿದರೂ ಬಿಸಿಯಾಗುವುದಿಲ್ಲ ಎಂದಾಗ ಅವರು ತಮ್ಮ ಮೊಣಕಾಲನ್ನು ನೋಡಿಕೊಂಡರು. ಕೊನೆಗೆ ನಾನು ನೆಟ್‌ವರ್ಕಿನ ವೇಗ ತೋರಿಸುವ ಆಪ್ ತೆರೆದು ಅವರ ಮುಖಕ್ಕೆ ಹಿಡಿದೆ. ಪರದೆಯ ಮೇಲಿನ ಮುಳ್ಳು ಸರ್ರನೆ ಬಲಕ್ಕೆ ಹೋಗಿ ನಿಂತಿತು. ಎಂಥ ಗಿರಾಕಿಯಾದರೂ ಅಲ್ಲಿಗೆ ಬಾಯಿ ಮುಚ್ಚುತ್ತಾನೆ.

"ನಿನ್ನ ಅಂಗಡ್ಯಾಗ ಓಡತೈತಿ, ಖರೇ ಐತಿ. ಇಲ್ಲಿ ಓಡಿ ಎಲ್ಲಿಗೆ ಹೋಗೂದೈತಿ? ಅದು ಮೇಡ್ಲೇರ್ಯಾಗ ನಮ್ಮಕ್ಕನ ಒಳಗಿನ ಖೋಲಿ ತನಕ ಹೋಗಬೇಕು," ಎಂದರು.

ಹೀಗೆ ಶುರುವಾಯಿತು ನನ್ನ ಗ್ರಹಚಾರ. ಅವರ ಮಾರುಕಟ್ಟೆಯಲ್ಲಿ ಚೀಲದ ಬಾಯಲ್ಲಿರುವ ಕಾಯಿ ನೋಡಿ ಯಾರೂ ದರ ಹೇಳುವುದಿಲ್ಲವಂತೆ. ತೋಳು ಮುಳುಗುವಷ್ಟು ಒಳಗೆ ಕೈ ಹಾಕಿ ತಳದಿಂದ ಒಂದು ಮುಷ್ಟಿ ತೆಗೆಯುತ್ತಾರಂತೆ. ಅದೇ ಪ್ರಕಾರ ನನಗೂ ಮಾದರಿ ಕೊಡಲು ಹೇಳಿದರು. "ಸ್ಯಾಂಪಲ್ ಕೊಡದಾವನ ಮಾಲು ನಾ ಮುಟ್ಟೂದಿಲ್ಲ." ಪ್ರದರ್ಶನಕ್ಕಿಟ್ಟ ಫೋನುಗಳನ್ನು ಬುಧವಾರಕ್ಕೊಂದರಂತೆ, ಬೇರೆ ಬೇರೆ ಕಂಪನಿಯ ಸಿಮ್ ಹಾಕಿ, ಧೋತರದ ಮಡಿಕೆಯಲ್ಲಿ ಕಟ್ಟಿಕೊಂಡು ಮೇಡ್ಲೇರಿಗೆ ಒಯ್ಯುತ್ತಿದ್ದರು. ಹೀಗೆ ಫೋನನ್ನು ಕಾಯಿಪಲ್ಯ ಕಟ್ಟಿಕೊಂಡು ಹೋದಂತೆ ಒಯ್ದ ಗಿರಾಕಿ ಜಿಲ್ಲೆಯಲ್ಲೇ ಇನ್ನೊಬ್ಬನಿರಲಾರ. ಕೊಟ್ಟ ನನ್ನಂಥ ಬುದ್ಧಿವಂತನೂ ಇರಲಾರ.

ಸಂಜೆ ವಾಪಸು ಬರುವಾಗ ಸಿಗ್ನಲ್ಲಿನ ವರದಿ. "ನಡುಮನ್ಯಾಗ ಮೂರು ಕಡ್ಡಿ. ಖೋಲಿ ಬಾಗಿಲದಾಗ ಒಂದು. ಒಳಗ ಹೋದ್ರ ಸತ್ತ ಹೋತು. ಮುಳಗಾಯಿ ಪಲ್ಯ ಮಾಡಿದ್ರು, ಅಕ್ಕ ಒಂದೂವರಿ ರೊಟ್ಟಿ ತಿಂದ್ಲು." ಮುಂದಿನ ವಾರ: "ಇದು ಕಿಟಕಿ ಕಡೆ ಹಿಡಿದ್ರ ಹತ್ತತೈತಿ, ಮಾರಿ ಮಾತ್ರ ಮಂಜ ಮಂಜ. ಅಕ್ಕ ಇವತ್ತ ಎಡಗೈಲೆ ತಾನ ತಲಿ ಬಾಚಿಕೊಂಡ್ಲು." ನಾನು ಕಡ್ಡಿಗಳ ಲೆಕ್ಕವನ್ನಷ್ಟೇ ಕೇಳಿಸಿಕೊಂಡು ರೊಟ್ಟಿ, ಬಾಚಣಿಗೆಗಳನ್ನು ಈ ಕಿವಿಯಿಂದ ಆ ಕಿವಿಗೆ ಬಿಡುತ್ತಿದ್ದೆ. ನನಗೆ ಬೇಕಾದದ್ದು ವ್ಯಾಪಾರ.

ಒಂದು ಬುಧವಾರ ಸಿಟ್ಟು ನೆತ್ತಿಗೇರಿ, ಇವತ್ತು ಮುಗಿಸಿಯೇ ಬಿಡುತ್ತೇನೆ ಎಂದು ಅವರನ್ನು ನನ್ನ ಬೈಕಿನ ಹಿಂದೆ ಕೂಡಿಸಿಕೊಂಡು ನಾನೇ ಹೋದೆ. ಆ ಕೋಣೆಯ ಮಣ್ಣಿನ ಗೋಡೆ ಮೊಳಕ್ಕಿಂತ ದಪ್ಪ. ಚನ್ನವೀರಪ್ಪನವರು ಫೋನನ್ನು ಎತ್ತಿ ಹಿಡಿದು ಮೂಲೆಯಿಂದ ಮೂಲೆಗೆ ಕುಂಟುತ್ತ ಓಡಾಡಿದರು, ಮಂಚದ ಕೆಳಗೆ ಬಗ್ಗಿದರು, ಟ್ರಂಕಿನ ಮೇಲೆ ನಿಂತರು. ಗಂಗವ್ವ ಮಲಗಿದ್ದಲ್ಲಿಂದಲೇ ತಮ್ಮನ ಸರ್ಕಸ್ಸು ನೋಡುತ್ತ ಮುಖದ ಅರ್ಧಭಾಗದಲ್ಲಿ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗು. ಕೊನೆಗೆ ಎಡಗೈ ಎತ್ತಿ ಗೋಡೆಯ ಮೇಲಿನ ಗೂಡು ತೋರಿಸಿದರು. ಅಲ್ಲಿಟ್ಟರೆ ಎರಡು ಕಡ್ಡಿ ಬಂತು! ನಾನು ಗೆದ್ದೆ ಅಂದುಕೊಂಡೆ.

"ಅಲ್ಲಿಟ್ರ ಅಕೀ ಮಾರಿ ಕಾಣಂಗಿಲ್ಲ, ಬರೇ ಫ್ಯಾನ್ ಕಾಣತೈತಿ. ಫ್ಯಾನಿನ ಕೂಡ ನಾ ಏನ್ ಮಾತಾಡ್ಲಿ?" ಎಂದರು ಚನ್ನವೀರಪ್ಪ.

ನನ್ನನ್ನು ಕಾಪಾಡಿದ್ದು ಮೇಡ್ಲೇರಿ ಪಕ್ಕದಲ್ಲಿ ಎದ್ದ ಹೊಸ ಟವರ್. ಅದು ಶುರುವಾದ ವಾರ ಒಯ್ದ ಫೋನಿಗೆ ಆ ಕೋಣೆಯ ಮಂಚದ ಪಕ್ಕದಲ್ಲೇ ತುಂಬ ಕಡ್ಡಿ ಬಂದವು. ಇನ್ನು ಯಾವ ತಕರಾರೂ ಉಳಿಯಲಿಲ್ಲ. ಅವರು ಅದನ್ನೇ ಕೊಂಡರು, ನಾನು ಹಾಲು ತರಿಸಿ ಚಹಾ ಮಾಡಿಸಿ ಕುಡಿಸಿದೆ. ಎಂಟು ತಿಂಗಳ ಪೀಡೆ ತೊಲಗಿತೆಂದು ಅಕ್ಕಪಕ್ಕದ ಅಂಗಡಿಯವರಿಗೂ ಕೊಟ್ಟೆ.

ಬುಧವಾರಗಳು ಖಾಲಿಯಾದವು. ಒಂದು ತಿಂಗಳಾಗಿರಬೇಕು, ಗಂಗವ್ವನ ಸೊಸೆ ರೇಣುಕಾ ಅಂಗಡಿಗೆ ಬಂದು ಆ ಫೋನನ್ನು ಕೌಂಟರಿನ ಮೇಲಿಟ್ಟಳು. ಕೆಟ್ಟಿತೇ ಎಂದು ಕೇಳಿದೆ.

"ಕೆಟ್ಟಿಲ್ರಿ ಅಣ್ಣಾರ. ಭಾಳ ಛಲೋ ಐತಿ. ಮಾಮಾರು ದಿನಾ ಫೋನ್ ಮಾಡ್ತಾರ, ಅತ್ತಿಯಾರು ಕಣ್ಣ ತೆರಿಯಂಗಿಲ್ಲ. ಮೊನ್ನೆ ಎಡಗೈಲೆ ಅದರ ಮಾರಿ ಕೆಳಗ ಮಾಡಿ ಡಬ್ಬ ಹಾಕಿ ಬಿಟ್ರು. ಬುಧವಾರ ಬಂತಂದ್ರ ಮಾತ್ರ ಹೊತ್ತ ಮುಣಗೂ ತನಕ ಬಾಗಲಾ ನೋಡ್ತಾರ. ಎರಡು ಬುಧವಾರ ಆತು, ಊಟಾನ ಮಾಡಿಲ್ರಿ. ಇದನ್ನ ನೀವ ಇಟ್ಕೋರಿ."

ಆಗ ನೆನಪಾದವು ನೋಡಿ ನನಗೆ ಆ ಒಂದೂವರೆ ರೊಟ್ಟಿ, ಆ ಬಾಚಣಿಗೆ. ನಾಚಿಕೆಯಾಯಿತು. ಮುಖ ಮುಖ್ಯ ಎಂದು ಅವರು ಮೊದಲ ದಿನವೇ ಹೇಳಿದ್ದರು. ಅಕ್ಕನಿಗೂ ತಮ್ಮನ ಮುಖ ಕಣ್ಣೆದುರೇ ಬೇಕಿರಬಹುದು ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಫೋನನ್ನು ಡ್ರಾಯರಿನಲ್ಲಿ ಹಾಕಿ ಚನ್ನವೀರಪ್ಪನವರ ಮಗನ ನಂಬರಿಗೆ ಹಚ್ಚಿ ಅಪ್ಪನಿಗೆ ಕೊಡಲು ಹೇಳಿದೆ. ಮಾರುವುದಕ್ಕಾಗಿ ಸುಳ್ಳು ಹೇಳಿ ಅಭ್ಯಾಸವಿತ್ತು, ಮಾರಿದ್ದನ್ನು ಕೆಡಿಸುವುದಕ್ಕಾಗಿ ಅದೇ ಮೊದಲು. ಫೋನು ಕೆಟ್ಟಿದೆ, ರಿಪೇರಿಗೆ ಬಂದಿದೆ, ಬಿಡಿಭಾಗ ಸಿಗುವುದು ತಡವಾಗುತ್ತದೆ, ಅಲ್ಲಿಯವರೆಗೆ ಬೇರೆ ಸ್ಯಾಂಪಲ್ ಒಯ್ದು ನೋಡಬಹುದು ಎಂದೆ. 

"ಹಂಗಾರ ಬುಧವಾರ ಬರ್ತೇನಿ ತಮ್ಮಾ," ಎಂದರು.

ಬಂದರು. ಮತ್ತೆ ಅದೇ ಮೂಸುವುದು, ಅದೇ ಧೋತರದ ಮಡಿಕೆ. ಬಸ್ಸಿನ ಮೆಟ್ಟಿಲಿಗೆ ನಾನೇ ಹೋಗಿ ಕೈ ಕೊಟ್ಟು ಹತ್ತಿಸುತ್ತಿದ್ದೆ. ಹೊಸ ಮಾದರಿಯ ಗುಣ ವರ್ಣಿಸುತ್ತಿದ್ದೆ, ಅವರು ಒಂದೊಂದನ್ನೂ ತಿರಸ್ಕರಿಸುತ್ತಿದ್ದರು. ಟವರ್ ಬಂದ ಊರಿನಲ್ಲಿ ನೆಟ್‌ವರ್ಕ್ ಇಲ್ಲವೆಂದು ಅವರು ವರದಿ ಕೊಡುವುದು, ನಾನು ಛೇ ಛೇ ಎನ್ನುವುದು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

ಗಂಗವ್ವ ತೀರಿಕೊಂಡ ಹದಿನೈದು ದಿನಕ್ಕೆ, ಕೊನೆಯ ಸಲ, ಅವರು ಬಂದರು. ಬುಧವಾರವೇ. ಸ್ಟೂಲಿನ ಮೇಲೆ ಕುಳಿತರು. ನಾನು ಡ್ರಾಯರಿನಿಂದ ಅವರ ಫೋನು ತೆಗೆದು ಮುಂದಿಟ್ಟೆ. ರಿಪೇರಿ ಆಗಿದೆ ಎಂದೆ.

"ಅದು ಯಾವಾಗ ಕೆಟ್ಟಿತ್ತು?" ಎಂದರು. ಮೆಲ್ಲಗೆ ನನ್ನ ಕಡೆ ಸರಿಸಿದರು. "ಯಾರಿಗರ ಕೊಟ್ಟ ಬಿಡು. ಕಡ್ಡಿ ಛಲೋ ಹಿಡಿತೈತಿ ಅದು."

ಮೇಡ್ಲೇರಿ ಬಸ್ಸು ಬಂದು ನಿಂತಿತು, ಹೊರಟಿತು. ಅವರು ರಸ್ತೆ ದಾಟಿ ಬ್ಯಾಡಗಿ ಬಸ್ಸು ಹತ್ತಿದರು. ಆಮೇಲೆ ಈ ಕಡೆ ಬಂದಿಲ್ಲ. ಈಗ ನನ್ನ ಗಿರಾಕಿಗಳೆಲ್ಲ ಬಹಳ ಶಾಣ್ಯಾರು. ಚಂದ್ರನ ಫೋಟೊ ಎಂದ ಕೂಡಲೇ ಹತ್ತು ನಿಮಿಷದಲ್ಲಿ ಕೊಂಡು ಹೋಗುತ್ತಾರೆ. ವ್ಯಾಪಾರ ಚೆನ್ನಾಗಿದೆ. ಬುಧವಾರ ಮಾತ್ರ ನನಗೆ ಅಂಗಡಿ ತೆರೆಯಲು ಮನಸ್ಸಾಗುವುದಿಲ್ಲ.