ಬೇಕರಿ ಮುಂದಿನ ಕಂಬ

ಪುರಸಭೆಯ ಕ್ಯಾಮೆರಾ ಕೋಣೆಯ ಬೀಗದ ಕೈ ರಂಗೆಲ್‌ಗೆ ಸಿಕ್ಕಿದ್ದು ಐವತ್ತಾರನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಮೂವತ್ತು ವರ್ಷ ಕಂಬ ಹತ್ತಿ ಬೀದಿದೀಪ ರಿಪೇರಿ ಮಾಡಿದವನು. ಮಂಡಿ ಕೈಕೊಟ್ಟ ಮೇಲೆ ಕುರ್ಚಿ ಸಿಕ್ಕಿತು. ಡ್ಯಾನ್ಯೂಬ್ ದಂಡೆಯ ಆ ಬಲ್ಗೇರಿಯದ ಊರಿಗೆ ಇದ್ದದ್ದೇ ಒಂಬತ್ತು ಕ್ಯಾಮೆರಾ. ನಿಯಮಗಳನ್ನು ಅವನೇ ಬಾಗಿಲಿಗೆ ಅಂಟಿಸಿದ್ದ. ಪೊಲೀಸರ ಪತ್ರವಿಲ್ಲದೆ ಯಾರಿಗೂ ತೋರಿಸುವಂತಿಲ್ಲ. ತನ್ನ ಚಿತ್ರವನ್ನೇ ನೋಡಬೇಕೆಂದವರು ಅರ್ಜಿ ಕೊಡಬೇಕು. ಯಾರು, ಯಾವಾಗ, ಯಾಕೆ ನೋಡಿದರೆಂದು ಪುಸ್ತಕದಲ್ಲಿ ಬರೆಯಬೇಕು. ಮೂವತ್ತು ದಿನವಾದರೆ ಎಲ್ಲ ತಾನಾಗಿ ಅಳಿಯುತ್ತದೆ. ತನ್ನ ಕಾರಿಗೆ ಗೀರು ಹಾಕಿದವನನ್ನು ತೋರಿಸು ಎಂದು ಮೇಯರ್ ಬಂದಾಗಲೂ ಈ ಮನುಷ್ಯ ಸುಮ್ಮನೆ ಬಾಗಿಲ ಕಡೆ ಬೆರಳು ಮಾಡಿದ್ದ. ಅಂಥವನು ಪೆನಾಳ ಮುಂದೆ ಸೋತ.

ಪೆನಾಳ ಗಂಡ, ಬಸ್ ಡ್ರೈವರ್ ಕ್ರುಮ್, ತೀರಿಕೊಂಡು ನಲವತ್ತು ದಿನವಾಗಿತ್ತು. ನಲವತ್ತಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಸತ್ತವರ ಫೋಟೊ ಇರುವ ಚೀಟಿಯನ್ನು ಕಂಬಕ್ಕೆ ಅಂಟಿಸುವುದು ಅಲ್ಲಿನ ಪದ್ಧತಿ. ಅದನ್ನು ಯಾರೂ ಕೀಳುವುದಿಲ್ಲ. ಮಳೆ ಗಾಳಿಯೇ ಒಯ್ಯಬೇಕು. ಬೇಕರಿ ಮುಂದಿನ ಕಂಬಕ್ಕೆ ಪೆನಾ ಅಂಟಿಸಿದ್ದು ಮಾರನೇ ದಿನವೇ ಮಾಯವಾಗಿತ್ತು.

"ಸತ್ತವನ ಮೇಲೂ ಹಗೆನಾ ರಂಗೆಲಣ್ಣ? ಯಾರು ಕಿತ್ತಿದ್ದು ಅಂತ ನಾನು ನೋಡ್ಬೇಕು."

"ಬಾಗಿಲ ಮೇಲೆ ಬರ್ದಿದೆ, ಓದಮ್ಮ."

"ನೀನು ಕಂಬದಿಂದ ಬಿದ್ದಾಗ ಬಸ್ಸಲ್ಲಿದ್ದೋರನ್ನೆಲ್ಲ ಇಳಿಸಿ ಅದರಲ್ಲೇ ಆಸ್ಪತ್ರೆಗೆ ಹೊತ್ಕೊಂಡು ಓಡಿದ್ದು ಯಾರು? ಆಗ ನನ್ನ ಗಂಡ ನಿನ್ನ ಹತ್ರ ಅರ್ಜಿ ಕೇಳಿದ್ನಾ?"

ರಂಗೆಲ್ ಬಾಗಿಲು ಮುಚ್ಚಿ ತೋರಿಸಿದ. ಎರಡೇ ನಿಮಿಷ. ಪಕ್ಕದೂರಿನ ಶಿಶುವಿಹಾರದಲ್ಲಿ ಅಡುಗೆ ಮಾಡುವ ಸ್ಲಾವ್ಕಾ, ಮದುವೆಯಿಲ್ಲದ ಐವತ್ತರ ಹೆಂಗಸು, ಅತ್ತಿತ್ತ ನೋಡಿ ಚೀಟಿ ಬಿಡಿಸಿಕೊಳ್ಳುತ್ತಿದ್ದಳು.

"ಇವಳಾ!" ಎಂದಳು ಪೆನಾ. ರಂಗೆಲ್ ಪುಸ್ತಕ ತೆರೆಯಲೇ ಇಲ್ಲ.

ಶನಿವಾರ ಸಂತೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಪೆನಾ ಸ್ಲಾವ್ಕಾಳನ್ನು ಹಿಡಿದಳು. "ಬದುಕಿದ್ದಾಗ ಕದ್ದಿದ್ದು ಸಾಲ್ದು ಅಂತ ಸತ್ತ ಮೇಲೂ ಕದೀತೀಯೇನೇ? ಪುರಸಭೆ ಟೀವೀಲಿ ಕಣ್ಣಾರೆ ನೋಡಿದೀನಿ!" ಸ್ಲಾವ್ಕಾ ಆರಿಸಿದ ಮೆಣಸಿನಕಾಯಿಯನ್ನು ಅಲ್ಲೇ ಸುರಿದು ಹೋದಳು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರಾರು? ಭಾನುವಾರದ ಹೊತ್ತಿಗೆ ಕ್ರುಮ್‌ಗೂ ಅವಳಿಗೂ ಒಂದು ಮಗುವೇ ಹುಟ್ಟಿಬಿಟ್ಟಿತ್ತು.

ಸೋಮವಾರ ಪುರಸಭೆಯ ಕಾರ್ಯದರ್ಶಿ ಡೊರೊತೆಯಾ ಕೇಳಿದಳು: "ಏನಪ್ಪ ರಂಗೆಲ್, ಟಾಕೀಸು ಶುರು ಮಾಡಿದ್ಯಂತೆ?"

"ದುಃಖದಲ್ಲಿರೋಳು, ಏನೇನೋ ಅಂತಾಳೆ. ಪುಸ್ತಕ ನೋಡಿ ಮೇಡಂ, ಒಂದಕ್ಷರ ಇದ್ಯಾ?"

ಇರಲಿಲ್ಲ. ಡೊರೊತೆಯಾ ನಂಬಿದಳು, ಅದೇ ಅವನಿಗೆ ಹೆಚ್ಚು ಚುಚ್ಚಿತು. ಆಮೇಲೆ ಯಾರು ಕ್ಯಾಮೆರಾದ ಮಾತೆತ್ತಿದರೂ ಅವನದು ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಪಾಡು.

ಚೀಟಿ ಹೋದ ಇಪ್ಪತ್ತೇಳನೇ ದಿನ ಸ್ಲಾವ್ಕಾ ಬಂದಳು. ಕೈಯಲ್ಲಿ ದುಂಡಗೆ ಬರೆದ ಅರ್ಜಿ.

"ನನ್ನ ಚಿತ್ರ ನಾನು ನೋಡ್ಬಹುದಂತೆ. ಊರೆಲ್ಲ ನೋಡಿದಾರೆ, ನಾನೊಬ್ಳೇ ಬಾಕಿ."

ಅವನು ಹಾಕಿದ. ಮೊದಲ ಸಲ ಕಾಣದ್ದು ಅವನಿಗೆ ಈಗ ಕಂಡಿತು. ಅವಳು ಕಿತ್ತಿರಲಿಲ್ಲ. ತೆಳು ಚಾಕುವಿನಿಂದ ನಾಲ್ಕು ಮೂಲೆ ಎಬ್ಬಿಸಿ, ಮುಖ ಹರಿಯದ ಹಾಗೆ ಬಿಡಿಸಿ, ಎರಡು ರಟ್ಟಿನ ನಡುವೆ ಇಟ್ಟುಕೊಂಡಿದ್ದಳು.

"ಇಪ್ಪತ್ತೆರಡು ವರ್ಷ ಅವರ ಬಸ್ಸಲ್ಲೇ ಕೆಲಸಕ್ಕೆ ಹೋದೆ ಅಣ್ಣ. ಮಳೆ ಬಂದ್ರೆ 'ಹುಷಾರಮ್ಮ, ಮೆಟ್ಲು ಜಾರುತ್ತೆ' ಅಂತಿದ್ರು. ಅಷ್ಟೇ. ನನ್ನ ಮನಸ್ಸಲ್ಲಿದ್ದಿದ್ದು ಅವರಿಗೂ ಗೊತ್ತಿರ್ಲಿಲ್ಲ. ನನ್ನ ಹತ್ರ ಒಂದು ಫೋಟೊ ಇರ್ಲಿಲ್ಲ, ಅದಕ್ಕೆ."

"ಇನ್ನು ಮೂರೇ ದಿನ ಸ್ಲಾವ್ಕಾ. ಇದು ಅಳಿದುಹೋಗುತ್ತೆ."

"ಇದು ಅಳಿಯುತ್ತೆ. ಸಂತೇಲಿ ಆಗಿದ್ದು?"

ರಟ್ಟಿನೊಳಗಿನ ಚೀಟಿಯನ್ನು ಮೇಜಿನ ಮೇಲಿಟ್ಟು, "ಪೆನಕ್ಕಂಗೆ ಕೊಟ್ಬಿಡಿ" ಎಂದು ಎದ್ದು ಹೋದಳು.

ರಂಗೆಲ್ ಪುಸ್ತಕ ತೆರೆದ. ತನ್ನ ಹೆಸರು, ಪೆನಾಳ ಹೆಸರು, ಆ ದಿನದ ತಾರೀಖು ಬರೆದ. 'ಯಾಕೆ' ಎಂಬಲ್ಲಿ 'ಕನಿಕರ' ಎಂದು ಬರೆದು ಬಹಳ ಹೊತ್ತು ನೋಡಿದ. ಅವತ್ತು ಪೆನಾಳಿಗಿಂತ ಮುಂಚೆ ಪರದೆಯ ಹತ್ತಿರ ಬಾಗಿದ್ದು ತಾನೇ. ಅದನ್ನು ಹೊಡೆದುಹಾಕಿ 'ಕುತೂಹಲ' ಎಂದು ಬರೆದು, ಬೀಗದ ಕೈ ಸಮೇತ ಡೊರೊತೆಯಾಳ ಮುಂದಿಟ್ಟ. ಅವಳು ಬೈಯಲಿಲ್ಲ, ಮರುದಿನದಿಂದ ಬಲ್ಬಿನ ಗೋದಾಮಿಗೆ ಹಾಕಿದಳು.

ಸಂಜೆ ಪೆನಾಳ ಮನೆಗೆ ಹೋಗಿ ಎಲ್ಲ ಹೇಳಿದ. ಅವಳು ಚೀಟಿಯ ನಾಲ್ಕು ಮೂಲೆಗಳನ್ನೂ ಸವರಿ ನೋಡಿದಳು.

"ಅಯ್ಯೋ, ನನ್ನ ನಾಲಿಗೆ ಸೇದುಹೋಗ. ಇದನ್ನ ಅವಳಿಗೇ ಕೊಟ್ಟು ಬಾರೋ ಅಣ್ಣ. ನನ್ನ ಹತ್ರ ಬೇಕಾದಷ್ಟಿವೆ."

ಸ್ಲಾವ್ಕಾ ಬಾಗಿಲನ್ನು ಅರ್ಧ ತೆರೆದು ಚೀಟಿ ನೋಡಿದಳು. "ಬೇಡ ಅಣ್ಣ. ಈಗ ಆ ಮುಖ ನೋಡಿದ್ರೆ ನಂಗೆ ಸಂತೇನೇ ಕಾಣುತ್ತೆ."

ಆರು ತಿಂಗಳಿಗೆ ಪೆನಾ ಅದೇ ಕಂಬಕ್ಕೆ ಹೊಸ ಚೀಟಿ ಹಾಕಿದಳು. ಮೇಲಿನ ಎರಡು ಮೂಲೆಗಷ್ಟೇ ಅಂಟು, ಎಳೆದರೆ ಸಾಕು ಬರುವ ಹಾಗೆ. ಬಸ್ಸಿಗೆ ಹೋಗುವ ಸ್ಲಾವ್ಕಾ ಬೇಕರಿ ಬಂದೊಡನೆ ತಲೆ ತಗ್ಗಿಸಿ ರಸ್ತೆಯ ಆಚೆ ಬದಿಗೆ ದಾಟುವುದನ್ನು ರಂಗೆಲ್ ದಿನವೂ ಗೋದಾಮಿನ ಕಿಟಕಿಯಿಂದ ಕಂಡ. ಚೀಟಿಯನ್ನು ಯಾರೂ ಮುಟ್ಟಲಿಲ್ಲ. ಮಾರ್ಚ್ ತಿಂಗಳ ಮಳೆಗೆ ನೆನೆದು ತಾನಾಗಿ ಕೆಳಗೆ ಬಿತ್ತು.